ಸಂಘ ಎಲ್ಲರದು, ಕೀಲಿಕೈ ಯಾರದು?

ಪ್ರಿಯ ಸಹೋದರಿ, ನಿಮ್ಮ ಹೆಸರು ಎಷ್ಟು ಪುಸ್ತಕಗಳಲ್ಲಿದೆಯೆಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಬೀದಿಯ ಸ್ತ್ರೀಶಕ್ತಿ ಸಂಘದ ರಿಜಿಸ್ಟರಿನಲ್ಲಿ ಇರಬಹುದು. ನೆರೆಮನೆಯವರು ನಡೆಸುವ ಚೀಟಿಯಲ್ಲಿ ಇರಬಹುದು. ಮಗು ಓದುವ ಸರಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ ಇರಬಹುದು. ಸಾಲ ಕೊಡುವ ಕಂಪೆನಿಯ ಗುಂಪಿನಲ್ಲಿ ಇರಬಹುದು. ಎಲ್ಲಿಯೋ ಒಂದು ಕಡೆ 'ಪಾಲುದಾರರು' ಎಂಬ ಕಾಗದಕ್ಕೂ ನೀವು ಸಹಿ ಹಾಕಿರಬಹುದು.

ಈಗ ಇನ್ನೊಂದು ಲೆಕ್ಕ ಹಾಕಿ. ಕಳೆದ ಒಂದು ವರ್ಷದಲ್ಲಿ ಇವುಗಳಲ್ಲಿ ಎಷ್ಟು ಕಡೆ ನಿಮ್ಮ ಅಭಿಪ್ರಾಯ ಕೇಳಿ ತೀರ್ಮಾನ ಮಾಡಿದರು? ಎಷ್ಟು ಕಡೆ ತೀರ್ಮಾನವೆಲ್ಲ ಮುಗಿದ ಮೇಲೆ ಪುಸ್ತಕವನ್ನು ನಿಮ್ಮ ಬಾಗಿಲಿಗೆ ತಂದು, 'ಇಲ್ಲೊಂದು ಸೈನ್ ಹಾಕಿ ಆಪಾ' ಎಂದರು?

ಮೊದಲನೆಯ ಸಂಖ್ಯೆ ದೊಡ್ಡದು, ಎರಡನೆಯದು ಚಿಕ್ಕದು ಆಗಿದ್ದರೆ ನೀವು ಒಬ್ಬಂಟಿಯಲ್ಲ. 'ಎಲ್ಲರೂ ಸೇರಿ ನಡೆಸುವುದು' ಎಂದು ಆರಂಭವಾದ ಎಷ್ಟೋ ಕೂಟಗಳಲ್ಲಿ ಹೀಗೆಯೇ ಆಗುತ್ತದೆ. ಹೆಸರು ಎಲ್ಲರದು ಉಳಿಯುತ್ತದೆ, ಹೊಣೆಯೂ ಎಲ್ಲರದು ಉಳಿಯುತ್ತದೆ. ತೀರ್ಮಾನ ಮಾತ್ರ ಒಬ್ಬರ ಅಥವಾ ಇಬ್ಬರ ಕೈ ಸೇರಿಬಿಡುತ್ತದೆ. ಇದು ಹೇಗಾಗುತ್ತದೆ, ಇದರಿಂದ ನಮಗೇನು ನಷ್ಟ, ಇದನ್ನು ತಡೆಯುವುದು ಹೇಗೆ ಎಂಬುದನ್ನು ನಮ್ಮದೇ ಊರಿನ ಮತ್ತು ಆಸುಪಾಸಿನ ಉದಾಹರಣೆಗಳ ಮೂಲಕ ನೋಡೋಣ.

ಕಳವಾಗುವುದಿಲ್ಲ, ಜಾರಿ ಹೋಗುತ್ತದೆ

ಶಿವಾಜಿನಗರದ ಯಾವುದೋ ಗಲ್ಲಿಯಲ್ಲಿ ಹದಿನೈದು ಮಂದಿ ಮಹಿಳೆಯರು ಸೇರಿ ಒಂದು ಸಂಘ ಕಟ್ಟಿದರೆಂದು ಊಹಿಸಿಕೊಳ್ಳಿ. ಒಬ್ಬರು ಅಗರಬತ್ತಿ ಹೊಸೆಯುತ್ತಾರೆ. ಒಬ್ಬರು ಬಟ್ಟೆ ಹೊಲಿಯುತ್ತಾರೆ. ಇನ್ನೊಬ್ಬರ ಗಂಡ ರಸೆಲ್ ಮಾರ್ಕೆಟ್ಟಿನ ಬಳಿ ಹಣ್ಣಿನ ಗಾಡಿ ಇಟ್ಟಿದ್ದಾರೆ. ವಾರಕ್ಕೆ ಇಷ್ಟೆಂದು ಉಳಿತಾಯ. ಮೊದಮೊದಲು ಚಾಪೆ ಹಾಸಿ ಎಲ್ಲರೂ ಕೂರುತ್ತಾರೆ. ಯಾರಿಗೆ ಹಣ ಬೇಕು, ಯಾತಕ್ಕೆ ಬೇಕು, ಯಾವಾಗ ತೀರಿಸುತ್ತಾರೆ ಎಂದು ಚರ್ಚೆಯಾಗುತ್ತದೆ. ಚರ್ಚೆಯೆಂದರೇನು, ಗಲಾಟೆಯೇ ಆಗುತ್ತದೆ. ಆದರೂ ಹದಿನೈದು ಮಂದಿಗೂ ಪೆಟ್ಟಿಗೆಯಲ್ಲಿ ಎಷ್ಟು ಹಣವಿದೆಯೆಂದು ಗೊತ್ತಿರುತ್ತದೆ.

ಆದರೆ ಲೆಕ್ಕ ಬರೆಯಬಲ್ಲವರು ಒಬ್ಬರೇ, ಎಸೆಸೆಲ್ಸಿ ಪಾಸಾದ ಆಪಾ. ಬ್ಯಾಂಕಿನ ಮ್ಯಾನೇಜರರ ಎದುರು ನಿಂತು ಕನ್ನಡದಲ್ಲಿ ಧೈರ್ಯವಾಗಿ ಮಾತಾಡುವವರೂ ಅವರೇ. ಅವರ ಮಗನ ಸ್ಕೂಟರ್ ಇರುವುದರಿಂದ ಬ್ಯಾಂಕಿನ ಓಡಾಟವೂ ಅವರದೇ. ಪಾಸ್‌ಬುಕ್ ಅವರ ಮನೆಯ ಬೀರುವಿನಲ್ಲಿ ಭದ್ರವಾಗಿರುತ್ತದೆ. ಆರು ತಿಂಗಳಾಗುವಾಗ ಸಭೆಗೆ ಬರುವವರು ಒಂಬತ್ತೇ ಮಂದಿ. ಉಳಿದವರು ಮಕ್ಕಳ ಕೈಯಲ್ಲಿ ಹಣ ಕಳುಹಿಸುತ್ತಾರೆ. ವರ್ಷ ತುಂಬುವಾಗ ಸಭೆಯೇ ಇಲ್ಲ. ಸಾಲ ಬೇಕಾದವರು ಸಂಘವನ್ನು ಕೇಳುವುದಿಲ್ಲ, ಆಪಾರ ಮನೆಗೆ ಹೋಗಿ ಅವರನ್ನೇ ಕೇಳುತ್ತಾರೆ. ಅವರು 'ಆಗಲಿ' ಎಂದರೆ ಆಯಿತು, 'ಈಗ ಬೇಡ' ಎಂದರೆ ಇಲ್ಲ.

ಇಲ್ಲಿ ಯಾರೂ ಮೋಸ ಮಾಡಿಲ್ಲ ಎಂಬುದನ್ನು ಗಮನಿಸಿ. ಆಪಾ ಒಂದು ರೂಪಾಯಿಯನ್ನೂ ಮುಟ್ಟಿರಲಿಕ್ಕಿಲ್ಲ. ಅವರ ಸ್ವಂತ ಕೆಲಸ ಕೆಟ್ಟಿರಬಹುದು, ಬಿಸಿಲಿನಲ್ಲಿ ಬ್ಯಾಂಕಿನ ಸರತಿಯಲ್ಲಿ ನಿಂತು ಕಾಲು ನೋಯಿಸಿಕೊಂಡಿರಬಹುದು. ಯಾವ ಸಭೆಯೂ 'ಇನ್ನು ಮುಂದೆ ಎಲ್ಲ ತೀರ್ಮಾನವನ್ನೂ ಆಪಾ ಮಾಡಲಿ' ಎಂದು ನಿರ್ಣಯ ಬರೆದಿಲ್ಲ. ಆದರೂ ಹದಿನೈದು ಕೈಗಳಲ್ಲಿದ್ದ ಅಧಿಕಾರ ಒಂದು ಕೈಗೆ ಹೋಯಿತು.

ಅದನ್ನು ಸಾಗಿಸಿದ್ದು ಮೂರು ಸಂಗತಿಗಳು. ಒಂದನೆಯದು ತಿಳಿವಳಿಕೆ. ಲೆಕ್ಕ ಯಾರಿಗೆ ಗೊತ್ತೋ ಅವರ ಮಾತಿಗೆ ಎದುರು ಮಾತಿಲ್ಲ. ಎರಡನೆಯದು ಓಡಾಟ. ಸಮಯ ಕೊಡುವವರ ಹಿಂದೆ ಅಧಿಕಾರವೂ ಹೋಗುತ್ತದೆ. ಮೂರನೆಯದು ಉಳಿದವರ ಮೌನ. 'ಅವರು ಇಷ್ಟೆಲ್ಲ ಮಾಡುತ್ತಿರುವಾಗ ನಾವು ಕೇಳುವುದು ಚೆನ್ನಾಗಿರುವುದಿಲ್ಲ' ಎಂಬ ಸಂಕೋಚ ಆ ಮೌನದ ಬೇರು. ಇಂತಹ ಸಂಘದಲ್ಲಿ ನಾಳೆ ಆಪಾರ ಜಾಗಕ್ಕೆ ದುರಾಸೆಯ ಇನ್ನೊಬ್ಬರು ಬಂದರೆ ಅವರನ್ನು ತಡೆಯುವ ಶಕ್ತಿ ಯಾರಿಗೂ ಉಳಿದಿರುವುದಿಲ್ಲ. ಒಳ್ಳೆಯವರು ಮಾಡಿಟ್ಟ ದಾರಿಯಲ್ಲಿಯೇ ಕೆಟ್ಟವರೂ ನಡೆದು ಬರುತ್ತಾರೆ.

ಇದು ನಮ್ಮ ಗಲ್ಲಿಯ ದೋಷ ಮಾತ್ರವಲ್ಲ. ಜರ್ಮನಿಯಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ರಾಬರ್ಟ್ ಮೈಕೆಲ್ಸ್ 1911ರಲ್ಲಿಯೇ, ಸಮಾನತೆಯ ಹೆಸರಿನಲ್ಲಿ ಕಟ್ಟಿದ ಪಕ್ಷಗಳೂ ಕೆಲವೇ ಮಂದಿಯ ಹಿಡಿತಕ್ಕೆ ಹೋಗುತ್ತವೆಯೆಂದು ತೋರಿಸಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕದ ಜೋ ಫ್ರೀಮನ್ ಎಂಬ ಮಹಿಳೆ, ತಾವೇ ಭಾಗವಹಿಸಿದ್ದ ಮಹಿಳಾ ಗುಂಪುಗಳನ್ನು ನೋಡಿ ಇನ್ನೊಂದು ಮಾತು ಸೇರಿಸಿದರು. ನಮ್ಮಲ್ಲಿ ನಾಯಕರೇ ಇಲ್ಲ ಎನ್ನುವ ಗುಂಪಿನಲ್ಲಿಯೂ ನಾಯಕರಿರುತ್ತಾರೆ, ಆದರೆ ಹೆಸರಿಲ್ಲದ ಕಾರಣ ಅವರನ್ನು ಪ್ರಶ್ನಿಸಲೂ ಆಗುವುದಿಲ್ಲ, ಬದಲಿಸಲೂ ಆಗುವುದಿಲ್ಲ ಎಂಬುದು ಅವರ ವಾದದ ಸಾರ. ಬೆಂಗಳೂರಿನ ಗಲ್ಲಿಗೂ ಈ ಮಾತು ಒಪ್ಪುತ್ತದಲ್ಲವೇ?

ದೊಡ್ಡದು ಒಡೆದು ಚಿಕ್ಕದಾದಾಗ

ಹಲಸೂರಿನಿಂದ ಇಂದಿರಾನಗರದ ಕಡೆಗೆ ಹೋದರೆ ಪಕ್ಕದಲ್ಲಿಯೇ ದೊಮ್ಮಲೂರು. ಅಲ್ಲಿನ ಸರ್ವಿಸ್ ರಸ್ತೆಯಲ್ಲಿ ಮೈರಾಡ ಎಂಬ ಸಂಸ್ಥೆಯ ಮುಖ್ಯ ಕಚೇರಿಯಿದೆ. 1968ರಲ್ಲಿ ಟಿಬೆಟಿನ ನಿರಾಶ್ರಿತರ ಪುನರ್ವಸತಿಗಾಗಿ ಆರಂಭವಾದ ಈ ಸಂಸ್ಥೆ ನಂತರ ದಕ್ಷಿಣ ಭಾರತದ ಹಳ್ಳಿಗಳಲ್ಲಿ ಬಡವರ ನಡುವೆ ಕೆಲಸ ಮಾಡಿತು. ಇಂದು ದೇಶದ ಮೂಲೆಮೂಲೆಯಲ್ಲಿರುವ ಸ್ವಸಹಾಯ ಸಂಘಗಳ ಕತೆಯಲ್ಲಿ ಈ ಸಂಸ್ಥೆಗೆ ಒಂದು ಮುಖ್ಯ ಸ್ಥಾನವಿದೆ. ಆ ಕತೆ ಆರಂಭವಾದದ್ದು ಒಂದು ಸೋಲಿನಿಂದ.

ಮೈರಾಡ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತ್ತು. ಕಾನೂನಿನ ಪ್ರಕಾರ ಅಲ್ಲಿ ಒಬ್ಬರಿಗೆ ಒಂದು ಮತ. ಆದರೆ 1984-85ರ ಹೊತ್ತಿಗೆ ಕೆಲವು ಸಂಘಗಳು ಒಡೆಯತೊಡಗಿದವು. ಅಧ್ಯಕ್ಷರ ಮತ್ತು ಅವರ ಸುತ್ತಲಿನವರ ಹಿಡಿತ ಬಲವಾಗಿತ್ತು, ಸದಸ್ಯರಿಗೆ ಅವರ ಮೇಲೆ ನಂಬಿಕೆ ಉಳಿದಿರಲಿಲ್ಲ. ಬೇಸತ್ತ ಸದಸ್ಯರು ತಮ್ಮತಮ್ಮಲ್ಲಿ ಚಿಕ್ಕ ಗುಂಪುಗಳಾಗಿ ಸೇರಿದರು. ಸಾಲ ಮರಳಿಸಲು ನಾವು ಸಿದ್ಧ, ಆದರೆ ಆ ದೊಡ್ಡ ಸಂಘಕ್ಕೆ ಕೊಡುವುದಿಲ್ಲ ಎಂದರು. ಹಾಗಾದರೆ ಆ ಹಣವನ್ನು ನಿಮ್ಮ ಚಿಕ್ಕ ಗುಂಪಿನಲ್ಲಿಯೇ ಇಟ್ಟುಕೊಂಡು ನೀವೇ ನಡೆಸಿ ಎಂಬ ಸಲಹೆ ಬಂತು. ಬಹಳ ಕಾಲ ಮೈರಾಡದ ಮುಖ್ಯಸ್ಥರಾಗಿದ್ದ ಅಲೋಶಿಯಸ್ ಫರ್ನಾಂಡಿಸ್ ಇದನ್ನು ತಮ್ಮ ಬರಹಗಳಲ್ಲಿ ದಾಖಲಿಸಿದ್ದಾರೆ.

ಈ ಚಿಕ್ಕ ಗುಂಪುಗಳಲ್ಲಿ ಹದಿನೈದು ಇಪ್ಪತ್ತು ಮಂದಿ ಮಾತ್ರ. ಒಬ್ಬರಿಗೊಬ್ಬರು ಪರಿಚಿತರು, ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತು. ಆಗಾಗ ಸಭೆ. ಹಣದ ಎಣಿಕೆ ಎಲ್ಲರ ಕಣ್ಣೆದುರು. ಸಭೆ ನಡೆಸುವ ಪ್ರತಿನಿಧಿಗಳು ಕಾಲಕಾಲಕ್ಕೆ ಬದಲಾಗಬೇಕು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭವಾಯಿತು. 2000-01ರಲ್ಲಿ ಕರ್ನಾಟಕ ಸರಕಾರ ಸ್ತ್ರೀಶಕ್ತಿ ಯೋಜನೆ ತಂದಿತು. ಅಂಗನವಾಡಿಗಳ ಮೂಲಕ ಅದು ಎಲ್ಲ ಜಿಲ್ಲೆಗಳ ಮಹಿಳೆಯರನ್ನು ತಲುಪಿತು.

ಈ ಕತೆಯಲ್ಲಿ ನಮಗೆ ಬೇಕಾದ ಪಾಠವೆಂದರೆ, ಮತದಾನದ ಹಕ್ಕು ಎರಡೂ ಕಡೆ ಇತ್ತು. ಅಂತರವಿದ್ದದ್ದು ಮೂರು ಸರಳ ವಿಷಯಗಳಲ್ಲಿ. ಎಲ್ಲರ ಮುಖ ಎಲ್ಲರಿಗೂ ಕಾಣುವಷ್ಟು ಚಿಕ್ಕ ಗಾತ್ರ, ಎಲ್ಲರ ಎದುರು ತೆರೆದ ಲೆಕ್ಕ, ಮತ್ತು ಸರದಿಯ ಜವಾಬ್ದಾರಿ. ಈ ಮೂರೂ ಹೋದರೆ ಸ್ವಸಹಾಯ ಸಂಘವೂ ಹಳೆಯ ದೊಡ್ಡ ಸಂಘದ ಹಾದಿಯನ್ನೇ ಹಿಡಿಯುತ್ತದೆ. ಯಾವುದೋ ಯೋಜನೆಯ ಗುರಿ ತಲುಪಲೆಂದು ಅವಸರದಲ್ಲಿ ಕಟ್ಟಿದ ಸಂಘಗಳಲ್ಲಿ, ಪುಸ್ತಕವನ್ನು ಹೊರಗಿನವರೇ ಬರೆದು ಮುಗಿಸುವ ಸಂಘಗಳಲ್ಲಿ ನೀವು ಇದನ್ನು ಕಂಡಿರಬಹುದು.

ಬಡ್ಡಿಯ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಎದ್ದಿರುತ್ತದೆ. ಬಡ್ಡಿ ನಿಷಿದ್ಧವೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಬಡ್ಡಿರಹಿತವಾಗಿ ನಡೆಯುವ ಕೂಟಕ್ಕೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಬಡ್ಡಿ ಇಲ್ಲ ಎಂದ ಮಾತ್ರಕ್ಕೆ ಲೆಕ್ಕ ತೆರೆದಿದೆಯೆಂದು ಅರ್ಥವಲ್ಲ.

ಮಹಿಳೆಯರ ಗುಂಪು, ಇತರರ ತೀರ್ಮಾನ

ಕೆ.ಆರ್.ಪುರ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಮುಂದೆ ಹೋದರೆ ಕೋಲಾರ. 2009ರ ಆರಂಭದಲ್ಲಿ ಅಲ್ಲಿ ನಡೆದದ್ದು ನಮ್ಮ ಸಮುದಾಯದ ಮಹಿಳೆಯರು ಮರೆಯಬಾರದ ಘಟನೆ.

ಕೋಲಾರ, ಶಿಡ್ಲಘಟ್ಟ, ರಾಮನಗರಗಳಲ್ಲಿ ರೇಷ್ಮೆ ಕೆಲಸದ ಅನೇಕ ಮುಸ್ಲಿಂ ಕುಟುಂಬಗಳಿವೆ. ಅಲ್ಲಿನ ಮಹಿಳೆಯರು ಮೈಕ್ರೋಫೈನಾನ್ಸ್ ಕಂಪೆನಿಗಳಿಂದ ಗುಂಪು ಸಾಲ ಪಡೆದಿದ್ದರು. ಹೆಸರಿಗೆ ಅದೂ ಗುಂಪೇ. ಆದರೆ ಸಾಲ ಎಷ್ಟು, ಕಂತು ಎಷ್ಟು, ಸಭೆ ಯಾವಾಗ ಎಂಬುದನ್ನೆಲ್ಲ ನಿರ್ಧರಿಸುವುದು ಕಂಪೆನಿ. ಗುಂಪಿನ ಪಾಲಿಗೆ ಉಳಿದದ್ದು ಒಂದೇ, ಒಬ್ಬಾಕೆ ಕಟ್ಟದಿದ್ದರೆ ಉಳಿದವರು ಕಟ್ಟುವ ಹೊಣೆ. ಒಂದೇ ಮನೆಯಲ್ಲಿ ಎರಡು ಮೂರು ಕಂಪೆನಿಗಳ ಸಾಲವಾಯಿತು. ರೇಷ್ಮೆಯ ವ್ಯಾಪಾರ ಕುಸಿದಾಗ ಕಂತು ಕಟ್ಟುವುದು ಕಷ್ಟವಾಯಿತು. ವಸೂಲಿಯ ಒತ್ತಡ ಹೆಚ್ಚಿತು. ಗಂಡಸು ಸಿಬ್ಬಂದಿಯ ಎದುರು ಮಹಿಳೆಯರು ಸಭೆ ಸೇರುವುದರ ಬಗ್ಗೆ ಊರಿನಲ್ಲಿ ಅಸಮಾಧಾನವೂ ಇತ್ತು.

ಆಗ ಕೋಲಾರದಲ್ಲಿ ಅಂಜುಮನ್ ಮಧ್ಯೆ ಬಂತು. ಸಮುದಾಯದ ಮಹಿಳೆಯರು ಈ ಕಂಪೆನಿಗಳಿಗೆ ಕಂತು ಕಟ್ಟಬಾರದು, ಅವುಗಳೊಂದಿಗೆ ವ್ಯವಹಾರ ಇಟ್ಟುಕೊಳ್ಳಬಾರದು ಎಂಬ ಸೂಚನೆ ಹೊರಟಿತು. ಅದು ಇತರ ಪಟ್ಟಣಗಳಿಗೂ ಹರಡಿತು. ಮರುಪಾವತಿ ನಿಂತಿತು. ಕಂಪೆನಿಗಳು ಆ ಪ್ರದೇಶಗಳಲ್ಲಿ ಹೊಸ ಸಾಲ ನಿಲ್ಲಿಸಿದವು. ಕಟ್ಟಿಬಿಡೋಣ ಎಂದುಕೊಂಡವರಿಗೂ ಊರಿನ ಮಾತನ್ನು ಮೀರಿ ಕಟ್ಟುವುದು ಸುಲಭವಿರಲಿಲ್ಲ.

ಅಂಜುಮನ್‌ನವರ ಕಾಳಜಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಸಾಲದ ಸುಳಿ ನಿಜವಾಗಿತ್ತು, ಬಡ್ಡಿಯೂ ನಿಜವಾಗಿತ್ತು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಸಾಲ ಪಡೆದವರು ಮಹಿಳೆಯರು, ದುಡಿದು ಕಟ್ಟುತ್ತಿದ್ದವರು ಮಹಿಳೆಯರು, ನಾಳೆ ಸಾಲ ಸಿಗದಿದ್ದರೆ ಕಷ್ಟಪಡುವವರೂ ಅವರೇ. ಮೊದಲು ಅವರ ಪರವಾಗಿ ಕಂಪೆನಿ ತೀರ್ಮಾನಿಸಿತು, ನಂತರ ಗಂಡಸರ ಸಮಿತಿ ತೀರ್ಮಾನಿಸಿತು. ಗುಂಪು ಎಂದು ಕರೆಸಿಕೊಂಡ ಆ ಗುಂಪು ತನ್ನದೇ ತೀರ್ಮಾನ ತೆಗೆದುಕೊಂಡದ್ದು ಯಾವಾಗ? ಹೊಣೆ ಮಾತ್ರ ಹಂಚಿಕೆಯಾಗಿ ಅಧಿಕಾರ ಹಂಚಿಕೆಯಾಗದ ಗುಂಪನ್ನು ಯಾರು ಬೇಕಾದರೂ ತಮ್ಮ ಕಡೆಗೆ ಎಳೆದುಕೊಳ್ಳಬಹುದು. ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರಕಾರ 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿದೆ. ಅದು ಅಗತ್ಯವಾಗಿತ್ತು. ಆದರೆ ಸಹಿ ಹಾಕುವ ಮೊದಲು ಕಾಗದ ಓದಿಸಿ ಕೇಳುವ ಧೈರ್ಯವನ್ನು ಯಾವ ಕಾನೂನೂ ಮನೆಗೆ ತಂದು ಕೊಡಲಾರದು.

ಪಾಲುದಾರರೆಂಬ ಹೆಸರು

ಹತ್ತು ವರ್ಷಗಳ ನಂತರ ಶಿವಾಜಿನಗರದಲ್ಲಿ ನಡೆದದ್ದು ನಿಮಗೆ ಗೊತ್ತೇ ಇದೆ. 2019ರ ಜೂನ್ ತಿಂಗಳಲ್ಲಿ ಲೇಡಿ ಕರ್ಜನ್ ರಸ್ತೆಯ ಐಎಂಎ ಕಚೇರಿಯ ಮುಂದೆ ಸಾವಿರಾರು ಜನ ಸೇರಿದರು. ಅವರಲ್ಲಿ ಬುರ್ಖಾ ತೊಟ್ಟ ತಾಯಂದಿರು, ಪಿಂಚಣಿಯ ಹಣ ಹಾಕಿದ ವೃದ್ಧರು, ಮಗಳ ಮದುವೆಗೆಂದು ಕೂಡಿಟ್ಟವರು, ಒಡವೆ ಮಾರಿ ಹಣ ತೊಡಗಿಸಿದವರು ಇದ್ದರು. ಸಂಸ್ಥೆಯ ಮುಖ್ಯಸ್ಥ ಮುಹಮ್ಮದ್ ಮನ್ಸೂರ್ ಖಾನ್ ದೇಶ ಬಿಟ್ಟು ಹೋಗಿದ್ದರು. ಜುಲೈಯಲ್ಲಿ ದಿಲ್ಲಿಗೆ ಮರಳಿದಾಗ ಬಂಧನವಾಯಿತು. ವಿಶೇಷ ತನಿಖಾ ದಳಕ್ಕೆ 40 ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ಅದೇ ವರ್ಷ ತನಿಖೆ ಸಿಬಿಐಗೆ ಹೋಯಿತು. ಠೇವಣಿದಾರರ ಹಿತ ಕಾಯುವ 2004ರ ರಾಜ್ಯ ಕಾಯ್ದೆಯಡಿ ಸಕ್ಷಮ ಪ್ರಾಧಿಕಾರ ನೇಮಕವಾಗಿ, ಆಸ್ತಿ ಜಪ್ತಿ ಮಾಡಿ ಹಣ ಮರಳಿಸುವ ಪ್ರಕ್ರಿಯೆ ಆರಂಭವಾಯಿತು.

ಹಲಾಲ್ ಎಂಬ ಹೆಸರು, ವೇದಿಕೆಯ ಮೇಲಿನ ಗಣ್ಯರು, ಶಾಲೆಗೆ ಮಾಡಿದ ದಾನ, ಇವೆಲ್ಲ ಜನರ ನಂಬಿಕೆಯನ್ನು ಹೇಗೆ ಗಳಿಸಿದವೆಂಬುದರ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಕಡಿಮೆ ಚರ್ಚೆಯಾದ ಒಂದು ಅಂಶವಿದೆ. ಹಣ ಹಾಕಿದವರನ್ನು ಠೇವಣಿದಾರರೆಂದು ಕರೆದಿರಲಿಲ್ಲ. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ ಎಂಬ ರೂಪದಲ್ಲಿ ಅವರನ್ನು ಪಾಲುದಾರರನ್ನಾಗಿ ಮಾಡಲಾಗಿತ್ತು. ಠೇವಣಿಗೆ ರಿಸರ್ವ್ ಬ್ಯಾಂಕಿನ ಕಟ್ಟುನಿಟ್ಟು ನಿಯಮಗಳಿವೆ. ಪಾಲುದಾರರ ಬಂಡವಾಳಕ್ಕೆ ಅವು ಹಾಗೆಯೇ ಅನ್ವಯಿಸುವುದಿಲ್ಲ.

ಪಾಲುದಾರರೆಂದರೆ ಯಾರು? 2008ರ ಎಲ್‌ಎಲ್‌ಪಿ ಕಾಯ್ದೆಯ ಮೊದಲ ಅನುಸೂಚಿಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಪ್ರತಿಯೊಬ್ಬ ಪಾಲುದಾರರೂ ಆಡಳಿತದಲ್ಲಿ ಭಾಗವಹಿಸಬಹುದು, ಒಬ್ಬರಿಗೆ ಒಂದು ಮತ, ಪಾಲುದಾರರು ಒಬ್ಬರಿಗೊಬ್ಬರು ಸತ್ಯವಾದ ಲೆಕ್ಕ ಮತ್ತು ಪೂರ್ಣ ಮಾಹಿತಿ ಕೊಡಬೇಕು ಎಂದು ಅಲ್ಲಿದೆ. ಎಷ್ಟು ಸುಂದರವಾದ ನಿಯಮಗಳು! ಆದರೆ ಇವು ಅನ್ವಯಿಸುವುದು, ಪಾಲುದಾರರ ನಡುವಿನ ಒಪ್ಪಂದದಲ್ಲಿ ಆ ವಿಷಯದ ಬಗ್ಗೆ ಬೇರೆ ಏನೂ ಬರೆದಿಲ್ಲದಿದ್ದರೆ ಮಾತ್ರ. ಒಪ್ಪಂದದಲ್ಲಿ ಬೇರೆ ಬರೆದಿದ್ದರೆ ಒಪ್ಪಂದವೇ ನಡೆಯುತ್ತದೆ. ಅಂದರೆ ಕಾನೂನು ಕೈಗಿಟ್ಟ ಹಕ್ಕನ್ನು ಒಂದು ಸಹಿಯಲ್ಲಿ ಬಿಟ್ಟುಕೊಡಬಹುದು. ಅದೂ ಓದದೆ ಹಾಕಿದ ಸಹಿಯಲ್ಲಿ.

ದೊಮ್ಮಲೂರಿನ ಪಾಠದ ಮೂರು ಅಳತೆಗೋಲನ್ನು ಇಲ್ಲಿ ಇಟ್ಟು ನೋಡಿ. ಒಬ್ಬರಿಗೊಬ್ಬರು ಮುಖ ಪರಿಚಯವಿಲ್ಲದ ಸಾವಿರಾರು ಪಾಲುದಾರರು. ಅವರ ಎದುರು ಎಂದೂ ತೆರೆಯದ ಲೆಕ್ಕ. ಎಂದೂ ಬದಲಾಗದ ಒಂದೇ ಕುರ್ಚಿ. ತಿಂಗಳು ತಿಂಗಳು ಕೈಗೆ ಬರುತ್ತಿದ್ದ ಹಣವೇ ಲೆಕ್ಕದ ಜಾಗದಲ್ಲಿ ಕೂತುಬಿಟ್ಟಿತು. ಹಣ ಬರುತ್ತಿದೆಯಲ್ಲ, ಮತ್ತೇನು ಕೇಳುವುದು ಎಂದು ಜನ ಸುಮ್ಮನಾದರು.

ಲೆಕ್ಕ ಕೇಳುವುದು ಸಂಶಯವೇ?

ನಮ್ಮ ಮನೆಗಳಲ್ಲಿ ಒಂದು ಮಾತಿದೆ. ದೀನ್‌ದಾರ್ ಮನುಷ್ಯರು, ನಮಾಝಿಗಳು, ಅವರನ್ನು ಲೆಕ್ಕ ಕೇಳಬಹುದೇ? ಅದು ಕೆಟ್ಟ ಸಂಶಯ ಆಗುವುದಿಲ್ಲವೇ? ಮದ್ರಸದಲ್ಲಿ ಓದಿದವಳಾಗಿ ಈ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿದ್ದೇನೆ. ಅಕಾರಣವಾಗಿ ಇತರರ ಬಗ್ಗೆ ಕೆಟ್ಟದಾಗಿ ಊಹಿಸುವುದನ್ನು ಕುರ್‌ಆನ್ ತಡೆದಿದೆ, ನಿಜ. ಆದರೆ ಊಹೆ ಬೇರೆ, ಲೆಕ್ಕ ಬೇರೆ. ಲೆಕ್ಕ ತೆರೆದಿದ್ದರೆ ಊಹೆಗೆ ಅವಕಾಶವೇ ಇರುವುದಿಲ್ಲ.

ಸಹೀಹ್ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಒಂದು ಘಟನೆ ನೋಡಿ. ಪ್ರವಾದಿ(ಸ) ಅವರು ಇಬ್ನುಲ್ಲುತ್ಬಿಯ್ಯ ಎಂಬವರನ್ನು ಝಕಾತ್ ಸಂಗ್ರಹಕ್ಕೆ ಕಳುಹಿಸಿದ್ದರು. ಅವರು ಮರಳಿ ಬಂದು, ಇದು ನಿಮ್ಮದು, ಇದು ನನಗೆ ಉಡುಗೊರೆಯಾಗಿ ಬಂದದ್ದು ಎಂದರು. ಪ್ರವಾದಿ(ಸ) ಅದನ್ನು ಸುಮ್ಮನೆ ಬಿಡಲಿಲ್ಲ. ತಂದೆ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂದು ಕೇಳಿದರು, ಅದೂ ಜನರ ಎದುರು. ಲೆಕ್ಕ ಕೊಡಬೇಕಾದವರು ಒಬ್ಬ ಸಹಾಬಿ, ಲೆಕ್ಕ ಕೇಳಿದವರು ಅಲ್ಲಾಹನ ಪ್ರವಾದಿ. ಹಾಗಿರುವಾಗ ನಮ್ಮ ಸಂಘದ ಖಜಾಂಚಿ ಅದಕ್ಕಿಂತ ಮೇಲಿನವರೇ?

ಇನ್ನೊಂದು ಘಟನೆ ಅಷ್ಟೇ ಮುಖ್ಯವಾದದ್ದು. ಪ್ರವಾದಿ(ಸ) ಇಅ್‌ತಿಕಾಫ್‌ನಲ್ಲಿದ್ದಾಗ ಪತ್ನಿ ಹ. ಸಫಿಯ್ಯಾ(ರ) ಭೇಟಿಗೆ ಬಂದಿದ್ದರು. ರಾತ್ರಿ ಅವರನ್ನು ಕಳುಹಿಸಿಕೊಡಲು ಪ್ರವಾದಿ(ಸ) ಜೊತೆಗೆ ನಡೆದರು. ದಾರಿಯಲ್ಲಿ ಇಬ್ಬರು ಅನ್ಸಾರಿಗಳು ಎದುರಾದರು. ಅವರು ಏನನ್ನೂ ಕೇಳಲಿಲ್ಲ. ಆದರೂ ಪ್ರವಾದಿ(ಸ) ಅವರನ್ನು ನಿಲ್ಲಿಸಿ, ಇವರು ಸಫಿಯ್ಯಾ ಎಂದು ತಾವೇ ತಿಳಿಸಿದರು. ಯಾರೂ ಕೇಳುವ ಮೊದಲೇ ವಿಷಯವನ್ನು ಸ್ಪಷ್ಟಪಡಿಸುವುದು ಪ್ರವಾದಿಚರ್ಯೆ. ಜವಾಬ್ದಾರಿ ಹೊತ್ತ ಪ್ರತಿಯೊಬ್ಬರೂ, ವಿಶೇಷವಾಗಿ ಪ್ರಾಮಾಣಿಕರು, ಇದನ್ನು ನೆನಪಿಡಬೇಕು. 'ನನ್ನ ಮೇಲೆ ನಂಬಿಕೆ ಇಲ್ಲವೇ?' ಎಂದು ಕೋಪಿಸಿಕೊಳ್ಳುವುದು ಸುಲಭ. ಕೇಳುವ ಮೊದಲೇ ಪುಸ್ತಕ ತೆರೆದಿಡುವುದು ಸುನ್ನತ್.

ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದೆಂದು ಉದಾಸೀನ ಮಾಡಬಾರದು ಎಂದು ಸೂರಃ ಅಲ್ ಬಕರಃದ 282ನೇ ವಚನ ಕಲಿಸುತ್ತದೆ. ಇಡೀ ಕುರ್‌ಆನಿನಲ್ಲಿ ಅತ್ಯಂತ ಉದ್ದದ ವಚನ ಅದು. ನಂಬಿಕೆಯಿರುವ ಜನರಿಗೇ ಅದನ್ನು ಹೇಳಲಾಗಿದೆ ಎಂಬುದನ್ನು ಮರೆಯಬಾರದು.

ಸಮಾಲೋಚನೆ ತೊಟ್ಟಿಲಿನಿಂದ ಆರಂಭ

ಸಮಾಲೋಚನೆ ಎಂದೊಡನೆ ನಮಗೆ ನೆನಪಾಗುವುದು ಗಂಡಸರ ದೊಡ್ಡ ಸಭೆಗಳು. ಆದರೆ ಕುರ್‌ಆನ್ ಅದೇ ಸೂರಃದ 233ನೇ ವಚನದಲ್ಲಿ, ಮಗುವಿಗೆ ಹಾಲು ಬಿಡಿಸುವ ವಿಷಯದಲ್ಲಿಯೂ ತಂದೆ ತಾಯಿ ಪರಸ್ಪರ ಸಮಾಲೋಚಿಸಿ ಒಪ್ಪಿ ತೀರ್ಮಾನಿಸುವ ಮಾತು ಹೇಳಿದೆ. ಹಾಲೂಡುವ ತಾಯಿಯ ಅಭಿಪ್ರಾಯಕ್ಕೆ ಅಷ್ಟು ಬೆಲೆಯಿರುವಾಗ, ದುಡಿದು ಉಳಿಸುವ ತಾಯಿಯ ಅಭಿಪ್ರಾಯಕ್ಕೆ ಬೆಲೆಯಿಲ್ಲವೇ?

ಹಿಜ್ರಿ 6ರಲ್ಲಿ ಹುದೈಬಿಯಾದಲ್ಲಿ ಒಪ್ಪಂದವಾದ ನಂತರ ಪ್ರವಾದಿ(ಸ) ಬಲಿ ಕೊಟ್ಟು ತಲೆ ಬೋಳಿಸಲು ಹೇಳಿದಾಗ, ದುಃಖದಲ್ಲಿದ್ದ ಸಹಾಬಿಗಳು ಏಳಲಿಲ್ಲ. ಆಗ ದಾರಿ ತೋರಿಸಿದವರು ಹ. ಉಮ್ಮು ಸಲಮಾ(ರ). ಯಾರೊಂದಿಗೂ ಮಾತಾಡದೆ ತಾವೇ ಮೊದಲು ಮಾಡಿ ಎಂಬ ಅವರ ಸಲಹೆಯನ್ನು ಪ್ರವಾದಿ(ಸ) ಸ್ವೀಕರಿಸಿದರು, ಎಲ್ಲರೂ ಎದ್ದರು. ಹಿಜ್ರಿ 3ರ ಉಹುದ್‌ನಲ್ಲಿ ಇನ್ನೊಂದು ಪಾಠವಿದೆ. ಮದೀನಾದ ಹೊರಗೆ ಹೋಗಿ ಯುದ್ಧ ಮಾಡುವ ತೀರ್ಮಾನವಾದದ್ದು ಸಮಾಲೋಚನೆಯಿಂದ. ಅಲ್ಲಿ ದೊಡ್ಡ ನಷ್ಟವಾಯಿತು. ಆ ನಂತರವೂ, ಅವರೊಂದಿಗೆ ಸಮಾಲೋಚಿಸುತ್ತಿರಿ ಎಂಬ ಆದೇಶವೇ ಬಂತು. ನಾಲ್ಕು ಜನ ಸೇರಿದರೆ ಕೆಲಸ ಕೆಡುತ್ತದೆ, ಒಬ್ಬರಿಗೇ ಬಿಟ್ಟುಬಿಡಿ ಎನ್ನುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವಿಲ್ಲ.

ಇಂದು ಕಾನೂನು ನಮಗೆ ಕೆಲವು ಕುರ್ಚಿಗಳನ್ನು ಕೊಟ್ಟಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. 2013ರ ತಿದ್ದುಪಡಿ ರಾಜ್ಯ ವಕ್ಫ್ ಮಂಡಳಿಗಳಲ್ಲಿ ಕನಿಷ್ಠ ಇಬ್ಬರು ಮಹಿಳೆಯರನ್ನು ಕಡ್ಡಾಯಗೊಳಿಸಿತು. ಆದರೆ ಕುರ್ಚಿ ಸಿಕ್ಕಿದರೆ ಮಾತು ಸಿಕ್ಕಿತೆಂದು ಅರ್ಥವಲ್ಲ. ಶಿಕ್ಷಕಿಯಾಗಿ ನಾನು ಕಂಡ ಸಭೆಗಳಲ್ಲಿ ತಾಯಂದಿರು ಗೋಡೆಯ ಬದಿಗೆ ಕೂರುತ್ತಾರೆ. ಮೊದಲೇ ಗೊತ್ತುಪಡಿಸಿದ್ದನ್ನು ಯಾರೋ ಓದುತ್ತಾರೆ. ಪುಸ್ತಕ ಸುತ್ತಿ ಬರುತ್ತದೆ. ಅದೇ ತಾಯಂದಿರಿಗೆ ಸಭೆಯ ವಿಷಯವನ್ನು ಹಿಂದಿನ ದಿನವೇ ತಿಳಿಸಿದರೆ, ಶೌಚಾಲಯದ ನೀರಿನಿಂದ ಹಿಡಿದು ಬಿಸಿಯೂಟದ ಬೇಳೆಯವರೆಗೆ ಅವರಲ್ಲಿ ಮಾತು ಇದ್ದೇ ಇರುತ್ತದೆ. ಅವರಿಗೆ ಕೊರತೆಯಿದ್ದದ್ದು ಧೈರ್ಯದ್ದಲ್ಲ, ಮುಂಚಿತ ತಿಳಿವಳಿಕೆಯದ್ದು.

ಮುಂದಿನ ಸಭೆಯಿಂದಲೇ

ದೊಡ್ಡ ಸುಧಾರಣೆಗೆ ಕಾಯಬೇಕಾಗಿಲ್ಲ. ಈ ಕೆಲವನ್ನು ನಿಮ್ಮ ಸಂಘದಲ್ಲಿ, ಚೀಟಿಯಲ್ಲಿ, ಸಮಿತಿಯಲ್ಲಿ ಆರಂಭಿಸಿ.

ಪ್ರತಿ ಸಭೆಯ ಆರಂಭದಲ್ಲಿ ಕೈಯಲ್ಲಿರುವ ಹಣ, ಬ್ಯಾಂಕಿನಲ್ಲಿರುವ ಹಣ, ಹೊರಗಿರುವ ಸಾಲ ಈ ಮೂರನ್ನು ಗಟ್ಟಿಯಾಗಿ ಓದಲಿ. ಓದು ಬಾರದ ಸಹೋದರಿಗೂ ಅರ್ಥವಾಗುವ ಭಾಷೆಯಲ್ಲಿ, ಉರ್ದುವಾಗಲಿ, ಬ್ಯಾರಿಯಾಗಲಿ, ಕನ್ನಡವಾಗಲಿ, ಹೇಳಲಿ.

ಪುಸ್ತಕ ಬರೆಯುವವರು, ಪಾಸ್‌ಬುಕ್ ಇಟ್ಟುಕೊಳ್ಳುವವರು, ಬ್ಯಾಂಕಿಗೆ ಹೋಗುವವರು ಮೂವರೂ ಬೇರೆ ಬೇರೆಯಾಗಿರಲಿ. ಬ್ಯಾಂಕಿಗೆ ಹೋಗುವಾಗ ಪ್ರತಿ ಸಲ ಒಬ್ಬ ಹೊಸಬರನ್ನು ಜೊತೆಗೆ ಕರೆದುಕೊಂಡು ಹೋಗಲಿ. ಒಂದು ವರ್ಷದಲ್ಲಿ ಹನ್ನೆರಡು ಮಂದಿಗೆ ಬ್ಯಾಂಕಿನ ದಾರಿ ಗೊತ್ತಾಗುತ್ತದೆ.

ಜವಾಬ್ದಾರಿ ವರ್ಷಕ್ಕೊಮ್ಮೆ ಬದಲಾಗಲಿ. ಚೆನ್ನಾಗಿ ನಡೆಸುತ್ತಿರುವವರನ್ನು ಯಾಕೆ ಬದಲಿಸಬೇಕು ಎಂಬ ಪ್ರಶ್ನೆ ಬರುತ್ತದೆ. ಚೆನ್ನಾಗಿ 'ನಡೆಸುವವರು' ಇನ್ನೊಬ್ಬರಿಗೆ ಚೆನ್ನಾಗಿ ಕಲಿಸಲಿ. ಹಾಗೆ ಮಾಡಿದರೆ ಅವರು ಕಾಯಿಲೆ ಬಿದ್ದಾಗ, ಮನೆ ಬದಲಿಸಿದಾಗ ಸಂಘ ನಿಲ್ಲುವುದಿಲ್ಲ.

ಬಾಗಿಲಿಗೆ ಬಂದ ಪುಸ್ತಕಕ್ಕೆ ಸಹಿ ಹಾಕಬೇಡಿ. ಕಾಗದ ಇಂಗ್ಲಿಷಿನಲ್ಲಿದ್ದರೆ ಕಾಲೇಜಿಗೆ ಹೋಗುವ ಮಗಳಿಂದ ಓದಿಸಿ ಕೇಳಿ. 'ನನ್ನ ಹಕ್ಕೇನು, ನನ್ನ ಹೊಣೆಯೇನು, ಲೆಕ್ಕ ಯಾವಾಗ ತೋರಿಸುತ್ತೀರಿ, ಹೊರಗೆ ಬರಬೇಕೆಂದರೆ ಹೇಗೆ' ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಗದ ಕಡೆ ಹೆಸರು ಕೊಡಬೇಡಿ, ಹೇಳುವವರು ಎಷ್ಟೇ ಗಣ್ಯರಾಗಿರಲಿ.

ಕೊನೆಯದಾಗಿ, ಪ್ರಶ್ನೆ ಕೇಳಿದ ಸಹೋದರಿಯನ್ನು ಒಂಟಿಯಾಗಿ ಬಿಡಬೇಡಿ. ಸಭೆಯಲ್ಲಿ ಒಬ್ಬಾಕೆ ಲೆಕ್ಕ ಕೇಳಿದಾಗ ಉಳಿದವರು ತಲೆ ತಗ್ಗಿಸಿದರೆ ಅವಳು ಮುಂದಿನ ಸಲ ಕೇಳುವುದಿಲ್ಲ. 'ನನಗೂ ಅದನ್ನು ತಿಳಿಯಬೇಕಿತ್ತು' ಎಂದು ಇನ್ನೊಬ್ಬಾಕೆ ಹೇಳಿದರೆ ಸಾಕು, ಆ ದಿನ ಸಂಘ ಮತ್ತೆ ಎಲ್ಲರದಾಗುತ್ತದೆ.

ಅಮಾನತ್ ಎಂಬುದು ಹಣವನ್ನು ಕಾಯುವವರ ಮೇಲಿರುವ ಹೊಣೆ ಮಾತ್ರವಲ್ಲ. ನಮ್ಮ ಅಭಿಪ್ರಾಯ, ನಮ್ಮ ಸಹಿ, ನಮ್ಮ ಪ್ರಶ್ನೆ ಇವೂ ಅಮಾನತ್‌ಗಳೇ. ಅವುಗಳನ್ನು ಎಲ್ಲಿ ಯಾರ ಕೈಗೆ ಬಿಟ್ಟುಬಂದೆವೆಂದು ನಾಳೆ ನಮ್ಮನ್ನೂ ಕೇಳಲಾಗುವುದು. ಆ ಪ್ರಶ್ನೆಗೆ ತಲೆ ತಗ್ಗಿಸದೆ ಉತ್ತರಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.